ಡೆನ್ಜಿಲ್ ಪೆಂಗೆಲಿ ತನಗಾಗಿ ಕೆರೆದ ರಸ್ತೆ

ಡೆನ್ಜಿಲ್ ಪೆಂಗೆಲಿ ಮೊದಲ ಸಲ ಇಲ್ಮಾ ನಿಚ್ಕೆಯ ಅಂಗಡಿಗೆ ಬಂದ ದಿನ ಅವನ ಕಂಕುಳಲ್ಲಿ ಅಡಿಗೆಮನೆಯ ತಕ್ಕಡಿ ಇತ್ತು. ಹೊಲಿಸಲು ಬರುವವರು ಅಳತೆ ತರುತ್ತಾರೆ, ಹರಿದ ಹಳೆಯದನ್ನು ತರುತ್ತಾರೆ, ಕೆಲವರು ಜೊತೆಗೆ ನಾಯಿಯನ್ನೂ ತರುತ್ತಾರೆ. ತಕ್ಕಡಿ ತಂದವನು ಇವನೊಬ್ಬನೇ. ನಮಸ್ಕಾರ ಗಿಮಸ್ಕಾರ ಒಂದೂ ಇಲ್ಲದೆ ಅದನ್ನು ಮೇಜಿನ ಮೇಲಿಟ್ಟು, ಅವಳ ನೂಲಿನ ಉಂಡೆಯನ್ನೆತ್ತಿ ಅದರ ಮೇಲೆ ಕೂರಿಸಿ, ಮುಖ ಸಿಂಡರಿಸಿದ.

"ಇದು ಭಾರ," ಅಂದ.

"ನೂಲಾ?"

"ಹೂಂ. ಇದಕ್ಕಿಂತ ಸಣ್ಣದು ಇಲ್ವಾ?"

"ನಿನಗೇನು ಹೊಲೀಬೇಕಯ್ಯಾ, ಚಿಟ್ಟೆಗೆ ಲಂಗಾನಾ?"

ಫ್ಲಿಂಡರ್ಸ್ ಬೆಟ್ಟಗಳ ಒಣ ಮಗ್ಗುಲಿನಲ್ಲಿರುವ ಹ್ಯಾಮರ್ಸ್ ವೆಲ್ ಊರಿನಲ್ಲಿ ಇಲ್ಮಾಳ ಗಂಡ ಬರ್ಟ್ ದಪ್ಪ ಬಟ್ಟೆ ಹೊಲಿದೇ ಬಾಳಿದವನು. ಅವನು ತೀರಿಹೋದ ಮೇಲೂ ಆ ತಗಡಿನ ಶೆಡ್ಡಿನಲ್ಲಿ ಮಿಷನ್ನು ನಿಲ್ಲಲಿಲ್ಲ. ಕುದುರೆಗೆ ಹೊದಿಸುವ ಜೂಲು, ಕುರಿ ಕಾಯುವವರು ಬಯಲಲ್ಲಿ ಮಲಗುವ ಕ್ಯಾನ್ವಾಸ್ ಹಾಸಿಗೆ, ಸಾಮಾನು ಹೇರುವ ಯೂಟ್ ಗಾಡಿಯ ಹಿಂಬದಿಯ ಹೊದಿಕೆ, ಎಲ್ಲವೂ ಅವಳ ಸೂಜಿಯ ಕೆಳಗೇ ಹಾಯಬೇಕು. ಅವಳಿಗೆ ಬರಹವೆಂದರೆ ತನ್ನ ಹೆಸರು ಬರೆಯುವಷ್ಟು. ಉಳಿದದ್ದನ್ನೆಲ್ಲ ಸೀಮೆಸುಣ್ಣದ ಗೀಟಿನಲ್ಲೇ ನಡೆಸುತ್ತಿದ್ದಳು, ಆ ಗೀಟು ಎಂದೂ ತಪ್ಪುತ್ತಿರಲಿಲ್ಲ.

ಡೆನ್ಜಿಲ್ ಆಗಷ್ಟೇ ಕರಾವಳಿ ಕಡೆಯಿಂದ ಬಂದಿದ್ದ. ಕೌನ್ಸಿಲಿನವರ ಗ್ರೇಡರ್ ಓಡಿಸುವ ಕೆಲಸ. ಮಣ್ಣು ರಸ್ತೆಯ ಗುಂಡಿ, ಉಬ್ಬು, ಅಲೆಗಳನ್ನೆಲ್ಲ ಉದ್ದನೆಯ ಅಲಗಿನಿಂದ ಕೆರೆದು ಮಟ್ಟ ಮಾಡುವ ಹಳದಿ ಯಂತ್ರ ಅದು. ಅದರ ಮೇಲೆ ದಿನವೆಲ್ಲ ಕುಳಿತು ಕುಳಿತು ಅವನ ಹೊಟ್ಟೆ ಮುಂದಕ್ಕೂ ಬೆನ್ನು ಹಿಂದಕ್ಕೂ ಬಂದಿದ್ದವು.

"ಸೈಕಲ್ಲಿಗೆ ಚೀಲ ಬೇಕು, ನಿಚ್ಕೆಯಮ್ಮ. ಹ್ಯಾಂಡಲಿಗೊಂದು, ಸೀಟಿನ ಹಿಂದಕ್ಕೊಂದು, ಮಧ್ಯದ ಮುಕ್ಕೋನಕ್ಕೊಂದು. ರೇಸಿಗೆ ಹೋಗ್ತೀನಿ. ಸಮುದ್ರದ ದಡದಿಂದ ಬೆಟ್ಟದ ಆ ತುದಿವರೆಗೆ, ಬರೀ ಮಣ್ಣು ದಾರೀಲಿ. ಊಟ, ನೀರು, ಹಾಸಿಗೆ, ರಿಪೇರಿ ಸಾಮಾನು ಎಲ್ಲಾ ನಾವೇ ಹೊತ್ಕೊಂಡು ಹೋಗ್ಬೇಕು."

"ಗೆದ್ದವರಿಗೆ ಏನು ಕೊಡ್ತಾರೆ?"

"ಏನೂ ಇಲ್ಲ. ಕೊನೇ ದಿನ ಮಧ್ಯಾಹ್ನದ ಒಳಗೆ ಮುಟ್ಟಿದವರ ಹೆಸರು ಹಾಕ್ತಾರೆ."

"ಹೆಸರು ಹಾಕೋದಕ್ಕೆ ಇಗರ್ಜಿ ಹಿಂದೆ ಕಲ್ಲಿದೆಯಲ್ಲ. ಅದಕ್ಕೆ ಪೆಡಲ್ ತುಳೀಬೇಕಾಗಿಲ್ಲ, ಸುಮ್ನೆ ಮಲಗಿದ್ರೆ ಸಾಕು."

ಅವನು ನಗಲಿಲ್ಲ. ತನ್ನ ಸಾಮಾನಿನ ವಿಷಯದಲ್ಲಿ ಅವನು ಯಾವತ್ತೂ ನಕ್ಕವನಲ್ಲ. ಹಡಗಿನಲ್ಲಿ ತರಿಸಿದ ಬಟ್ಟೆಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ. ನೊಣದ ರೆಕ್ಕೆಯಂಥ ಬಟ್ಟೆ, ಎತ್ತಿ ಹಿಡಿದರೆ ಆಚೆಯ ಕಿಟಕಿ ಕಾಣುತ್ತಿತ್ತು. ಇಲ್ಮಾ ಹೊಲಿದುಕೊಟ್ಟಳು. ಬಟ್ಟೆ ನಗೆಪಾಟಲಾಗಿದ್ದರೂ ಹೊಲಿಗೆ ನಗೆಪಾಟಲಾಗಬಾರದು ಎಂಬುದು ಅವಳ ಲೆಕ್ಕ.

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರೆ. ಡೆನ್ಜಿಲನ ಮನೆಯಲ್ಲಿ ಕೂಸಿನ ಸುದ್ದಿಯೇ ಇಲ್ಲದೆ ಕುಲಾವಿಗಳು ಗೂಟ ತುಂಬಿದವು. ಒಂದು ದೀಪ ಬಂತು, ಅದಕ್ಕಿಂತ ಹಗುರ ದೀಪ ಬಂತು, ಎರಡಕ್ಕೂ ಬೆಳಕು ಸಾಲದೆಂದು ಮೂರನೆಯದು ಬಂತು. ಟಯರುಗಳನ್ನಂತೂ ಮಾವಿನಹಣ್ಣು ಆರಿಸುವವರ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಓಣಿ ಓಣಿ ತಿರುಗುತ್ತಿದ್ದ. "ಇದರ ಗುಬಟು ನೋಡಿ, ಅದರ ಗುಬಟು ನೋಡಿ, ಕಲ್ಲಿಗೆ ಯಾವುದು ಒಳ್ಳೇದು?" ಅವನು ಪಬ್ಬಿನೊಳಗೆ ಕಾಲಿಟ್ಟರೆ ಜನ ತಮ್ಮ ತಮ್ಮ ಗ್ಲಾಸು ಎತ್ತಿಕೊಂಡು ಹಿತ್ತಲಿಗೆ ಸರಿಯುತ್ತಿದ್ದರು. ಹಿತ್ತಲಲ್ಲಿ ಚಳಿಯಾದರೂ ಟಯರಿನ ಮಾತಿರಲಿಲ್ಲ.

ಸೈಕಲ್ಲು ಹತ್ತುವುದೊಂದನ್ನು ಮಾತ್ರ ಅವನು ಅಷ್ಟಾಗಿ ಮಾಡುತ್ತಿರಲಿಲ್ಲ. ಸಂಜೆ ಶೆಡ್ಡಿನಲ್ಲಿ ಕೂತು ಗರಗಸ ಹಿಡಿಯುತ್ತಿದ್ದ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದ. ಚಮಚದ ಹಿಡಿ ಕತ್ತರಿಸಿದ. ಅಂಗಿಯ ಕತ್ತಿನ ಪಟ್ಟಿ ಬಿಚ್ಚಿ ತೂಗಿದ. ಹೀಗೆ ಕತ್ತರಿಸಿ ಎಸೆದ ಚೂರುಗಳನ್ನೆಲ್ಲ ಅವನ ಹೆಂಡತಿ ವೆರ್ನಾ ಒಂದು ಖಾಲಿ ಜಾಮಿನ ಜಾಡಿಯಲ್ಲಿ ತುಂಬಿ ಅಡಿಗೆಮನೆಯ ಕಿಟಕಿಯಲ್ಲಿ, ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಇಟ್ಟಿದ್ದಳು.

"ನಮ್ಮನೇಲಿ ಎಲ್ಲಾ ಅರ್ಧರ್ಧ ಆಗೋಗಿದೆ, ನಿಚ್ಕೆಯಮ್ಮ," ಅನ್ನುತ್ತಿದ್ದಳು. "ಬ್ರಷ್ ಅರ್ಧ, ಚಮಚ ಅರ್ಧ. ಅವನ ಹೊಟ್ಟೆ ಒಂದೇ ಇಡಿಯಾಗಿ ಉಳ್ಕೊಂಡಿರೋದು."

"ಅದನ್ನ ತಕ್ಕಡಿ ಮೇಲೆ ಇಡ್ಲಿಲ್ವಾ?"

"ತಕ್ಕಡಿ ಬೇಡ ಅಂತು."

ಮೊದಲ ಸಲದ ರೇಸಿನಲ್ಲಿ ಅವನು ಹಾಸಿಗೆಯೆಂದು ಕೊಂಡುಹೋದದ್ದು ಬೆಳ್ಳಿ ಬಣ್ಣದ ಕಾಗದದ ಚೀಲ. ಬೇಯಿಸಿದ ಮಾಂಸ ಸುತ್ತಿಡುವಂಥದ್ದು. ಎರಡನೆಯ ರಾತ್ರಿ ಅದರೊಳಗೆ ಹಲ್ಲು ಕಟಕಟಿಸುತ್ತ ಕೂತು ವೆರ್ನಾಗೆ ಫೋನು ಮಾಡಿದ. ಅವಳು ಯೂಟ್ ಓಡಿಸಿಕೊಂಡು ಹೋಗಿ ತಂದಳು. ಮುಂದಿನ ಸಲ ಒಳ್ಳೆಯ ಹಾಸಿಗೆ ತೆಗೆದುಕೊಂಡ, ಅದರ ಭಾರ ಸರಿದೂಗಿಸಲು ಒಲೆಯನ್ನೂ ಪಾತ್ರೆಯನ್ನೂ ಬಿಟ್ಟ. ಒಣ ಅನ್ನದ ಪುಡಿಗೆ ತಣ್ಣೀರು ಬೆರೆಸಿ ತಿಂದು, ಹೊಟ್ಟೆ ಕೆಟ್ಟು, ಒಂದು ಬೇಲಿಯ ಹಿಂದೆ ಅರ್ಧ ದಿನ ಕಳೆದ. ವೆರ್ನಾ ಮತ್ತೆ ಹೋಗಿ ತಂದಳು. ಎರಡು ಸಲವೂ ದಾರಿಯುದ್ದಕ್ಕೂ ಅವನು ಮಾತಾಡಿದ್ದು ಮುಂದಿನ ವರ್ಷದ ಸಾಮಾನಿನ ಬಗ್ಗೆಯೇ. ಸೋತದ್ದು ಚೀಲ, ಕೆಟ್ಟದ್ದು ಪುಡಿ. ತನ್ನ ಕಾಲಿನ ಮೇಲೆ ಅವನು ಒಂದು ದಿನವೂ ದೂರು ಹೇಳಲಿಲ್ಲ.

ಇಷ್ಟಾದರೂ ರೇಸಿನ ನಿಯಮದ ಮಾತು ಬಂದರೆ ಅವನು ಪಾದ್ರಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತಿದ್ದ. ಕೇಳದಿದ್ದವರಿಗೂ ಹೇಳುತ್ತಿದ್ದ: "ದಾರೀಲಿ ಅಂಗಡಿ ತೆರೆದಿದ್ರೆ ಕೊಂಡ್ಕೋಬಹುದು. ಎಲ್ಲರಿಗೂ ಸಿಗೋ ಅಂಥದ್ದು ಏನು ಬೇಕಾದ್ರೂ ತಗೋಬಹುದು. ನೆಂಟರು, ಗುರುತಿನವರು ನನಗೊಬ್ಬನಿಗೇ ಅಂತ ಒಂದು ಲೋಟ ನೀರು ಕೊಟ್ರೂ ಮುಟ್ಟೋ ಹಾಗಿಲ್ಲ. ನಮ್ಮನೆ ಮುಂದೇನೇ ದಾರಿ ಹಾದು ಹೋಗುತ್ತೆ ನೋಡಿ, ಆದರೂ ನಾನು ಒಳಗೆ ಕಾಲಿಡೋ ಹಾಗಿಲ್ಲ."

"ಯಾರು ನೋಡ್ತಾರೆ?" ಅಂದಳು ಇಲ್ಮಾ.

"ಯಾರೂ ನೋಡಲ್ಲ. ಅದಕ್ಕೇ ನಿಯಮ."

ದೊಡ್ಡ ಮಾತು. ಬ್ರಷ್ಷಿನ ಹಿಡಿ ಕತ್ತರಿಸುವವನ ಬಾಯಲ್ಲಿ ಅದು ದೊಡ್ಡಪ್ಪನ ಕೋಟು ಹಾಕಿಕೊಂಡ ಮಗುವಿನ ಹಾಗೆ ಕಂಡಿತು ಅವಳಿಗೆ.

ಮೂರನೆಯ ಸಲ ವೆರ್ನಾ ಮೊದಲೇ ಹೇಳಿಬಿಟ್ಟಳು: "ಈ ಸಲ ನೀನು ಎಲ್ಲಿ ಬಿದ್ದಿದ್ರೂ ನಾನು ಬರಲ್ಲ, ಡೆನ್. ಕಾಗೆಗಳಿಗೆ ಹೇಳಿ ಬಿಡ್ತೀನಿ." ಅವನೂ ಪಬ್ಬಿನಲ್ಲಿ ಎಲ್ಲರ ಮುಂದೆ ಕೈಯೆತ್ತಿ, ಈ ಸಲ ಮಂಗಳವಾರ ಮಧ್ಯಾಹ್ನದೊಳಗೆ ಆ ತುದಿ ಮುಟ್ಟಿ ಹೆಸರು ಹಾಕಿಸಿಕೊಳ್ಳದಿದ್ದರೆ ಸೈಕಲ್ಲು, ಚೀಲ, ದೀಪ ಎಲ್ಲ ಮಾರಿ ಮತ್ತೆಂದೂ ಆ ಮಾತೆತ್ತುವುದಿಲ್ಲ ಎಂದು ಆಣೆ ಮಾಡಿದ. ಊರಿಗೆ ಊರೇ ಅವನು ಸೋಲಲಿ ಎಂದು ಹರಸಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಂಥವರು ಎಲ್ಲ ಕಡೆ ಇರುತ್ತಾರೆ. ಆದರೆ ಡೊಂಕು ನೆಲವನ್ನು ನೆಟ್ಟಗೆ ಮಾಡುವ ಯಂತ್ರವೂ ಕೈಯಲ್ಲಿದ್ದವನು ಡೆನ್ಜಿಲ್ ಒಬ್ಬನೇ ಇರಬೇಕು. ರೇಸಿನ ದಾರಿಯಲ್ಲಿ ಅವನು ಅತಿ ಹೆಚ್ಚು ಹೆದರುತ್ತಿದ್ದದ್ದು ಹ್ಯಾಮರ್ಸ್ ವೆಲ್‌ಗೆ ತೆಂಕಲಿಂದ ಬರುವ ಉಣ್ಣೆ ರಸ್ತೆಗೆ. ಹಿಂದೆ ಉಣ್ಣೆಯ ಗಾಡಿಗಳು ಓಡಾಡಿದ ಆ ದಾರಿಯಲ್ಲಿ ಅಲೆ ಅಲೆಯಾಗಿ ಉಬ್ಬುಗಳು. ಅದನ್ನು ಕೆರೆಯುವ ಸರದಿ ಚಳಿಗಾಲ ಕಳೆದ ಮೇಲಿತ್ತು. ಇವನು ರೇಸಿಗೆ ಮುಂಚಿನ ವಾರವೇ ಗ್ರೇಡರ್ ಹೊರಡಿಸಿ, ಅಷ್ಟುದ್ದಕ್ಕೂ ಕೆರೆದು, ಬಿಲಿಯರ್ಡ್ಸ್ ಮೇಜಿನ ಹಾಗೆ ಮಾಡಿ ಬಂದ.

ಬಂದವನು ಚೀಲದ ಬಕಲ್ ಬಿಗಿ ಮಾಡಿಸುವ ನೆಪದಲ್ಲಿ ಇಲ್ಮಾಳ ಮುಂದೆ ಹಲ್ಲು ಕಿರಿದ.

"ಇದು ನಿನ್ನ ನಿಯಮದಲ್ಲಿದೆಯಾ?" ಅಂದಳು ಅವಳು.

"ರಸ್ತೆ ಎಲ್ಲರದ್ದೂ, ನಿಚ್ಕೆಯಮ್ಮ. ಎಲ್ಲರಿಗೂ ಕೆರೆದಿದ್ದೀನಿ."

"ಹೌದಪ್ಪಾ. ನೀನು ಭಾಳ ಉದಾರಿ."

ಮೆತ್ತನೆಯ ರಸ್ತೆಗೆ ಮೆತ್ತನೆಯ ಟಯರು ಬೇಕೆಂದು, ಚೌಕಟ್ಟಿನಲ್ಲಿ ಹಿಡಿಸುವ ಎಲ್ಲಕ್ಕಿಂತ ದಪ್ಪ ಟಯರು ಹಾಕಿದ್ದ. ಚಕ್ರಕ್ಕೂ ಚೌಕಟ್ಟಿಗೂ ನಡುವೆ ಬೆರಳು ತೂರುತ್ತಿರಲಿಲ್ಲ. ಹೊರಡುವ ಹಿಂದಿನ ದಿನ ಮತ್ತೆ ಗರಗಸ ಹಿಡಿದು, ರಿಪೇರಿಯ ಮಡಚು ಚಾಕುವಿನಂಥ ಸಲಕರಣೆಯಿಂದ ಚೈನಿನ ಪಿನ್ನು ಒತ್ತಿ ತೆಗೆಯುವ ಭಾಗವನ್ನು ಕತ್ತರಿಸಿಹಾಕಿದ. "ನನ್ನ ಜನ್ಮದಲ್ಲಿ ಚೈನು ತುಂಡಾಗಿಲ್ಲ," ಅಂದ. ಆ ಚೂರೂ ವೆರ್ನಾಳ ಜಾಡಿಗೆ ಬಿತ್ತು.

ಶನಿವಾರ ಮುಂದಿನ ಸಾಲಿನ ಸವಾರರು ಕೆಂಪು ಧೂಳೆಬ್ಬಿಸಿಕೊಂಡು ಹ್ಯಾಮರ್ಸ್ ವೆಲ್ ದಾಟಿಹೋದರು. ಅವರಿಗೆ ಡೆನ್ಜಿಲ್ ಕೆರೆದ ರಸ್ತೆ ಚೆನ್ನಾಗಿಯೇ ಒದಗಿತು. ಸಂಜೆಗೆ ಮಳೆ ಬಂತು. ವರ್ಷಕ್ಕೊಮ್ಮೆ ಬರುವ ಮಳೆ, ಆ ದಿನವೇ ಬಂತು. ಹಳೆಯ ರಸ್ತೆಯ ಮೇಲ್ಪದರ ಗಟ್ಟಿಯಾಗಿದ್ದರೆ ನೀರು ಜಾರಿಹೋಗುತ್ತಿತ್ತು. ಆ ಪದರವನ್ನು ಇವನು ಕೆರೆದು ಪುಡಿ ಮಾಡಿಟ್ಟಿದ್ದ. ಪುಡಿಗೆ ನೀರು ಬಿದ್ದು ರಸ್ತೆ ಉದ್ದಕ್ಕೂ ನಾದಿದ ಹಿಟ್ಟಾಯಿತು.

ರೇಸಿನಲ್ಲಿ ಒಬ್ಬೊಬ್ಬ ಸವಾರನಿಗೂ ಒಂದೊಂದು ಚುಕ್ಕೆ. ಯಾರು ಎಲ್ಲಿದ್ದಾರೆಂದು ಫೋನಿನ ನಕ್ಷೆಯಲ್ಲಿ ಅದು ತೋರಿಸುತ್ತದೆ. ಭಾನುವಾರ ಬೆಳಿಗ್ಗೆ ವೆರ್ನಾ ಫೋನು ಹಿಡಿದುಕೊಂಡು ಇಲ್ಮಾಳ ಅಡಿಗೆಮನೆಗೆ ಬಂದಳು.

"ನೋಡಿ, ಉಣ್ಣೆ ರಸ್ತೆ ನಡುವೆ. ಬಸವನಹುಳು ಹೋಗೋ ಹಾಗೆ ಹೋಗ್ತಿದ್ದಾನೆ."

"ಬಸವನಹುಳು ತನ್ನ ಮನೆ ತಾನು ಹೊತ್ಕೊಂಡು ಹೋಗುತ್ತೆ, ಗೊಣಗಲ್ಲ."

ವೆರ್ನಾ ಬರುವ ಮುಂಚೆ, ಇನ್ನೂ ಮಂದ ಬೆಳಕಿರುವಾಗಲೇ, ರೇಸಿನಲ್ಲಿದ್ದ ಟಾಸ್ಮೇನಿಯಾದ ಹೆಂಗಸೊಬ್ಬಳು ಮೈಯೆಲ್ಲ ಕೆಸರಾಗಿ ಇಲ್ಮಾಳ ಜಗುಲಿಗೆ ಬಂದು ಬಾಗಿಲು ಬಡಿದಿದ್ದಳು. ಅವಳ ಸೀಟಿನ ಚೀಲದ ಪಟ್ಟಿ ಕಿತ್ತಿತ್ತು.

"ಒಂದು ನಾಲ್ಕು ಹೊಲಿಗೆ ಹಾಕ್ಕೊಡ್ತೀರಾ ಅಮ್ಮಾ?"

"ಇವತ್ತು ಭಾನುವಾರ. ಅಂಗಡಿ ನಾಳೆ ಎಂಟಕ್ಕೆ," ಅಂದಿದ್ದಳು ಇಲ್ಮಾ, ನೊಣದ ಜಾಲರಿಯ ಆಚೆಯಿಂದಲೇ. ಬರ್ಟ್ ಇದ್ದಾಗಲೂ ಅಷ್ಟೇ, ಅವನ ಅಪ್ಪ ಇದ್ದಾಗಲೂ ಅಷ್ಟೇ. ಭಾನುವಾರ ಆ ಮನೆಯಲ್ಲಿ ಸೂಜಿ ನೂಲು ಕೂಡುತ್ತಿರಲಿಲ್ಲ.

"ಸರಿ ಬಿಡಿ," ಅಂದಿದ್ದಳು ಆ ಹೆಂಗಸು. ಬೇಲಿಯಿಂದ ಒಂದು ತುಂಡು ತಂತಿ ಎತ್ತಿಕೊಂಡು ಪಟ್ಟಿಗೆ ಸುತ್ತಿ, ಹೋಗುವ ಮುಂಚೆ ತಿರುಗಿ ಕೇಳಿದ್ದಳು: "ಆ ರಸ್ತೇನ ಈಚೆಗೆ ಕೆರೆದ ಕತ್ತೆ ಯಾವುದು, ನಿಮಗೇನಾದ್ರೂ ಗೊತ್ತಾ?"

ಇಲ್ಮಾ ಸುಳ್ಳು ಹೇಳುವವಳಲ್ಲ. ಗೊತ್ತು ಅಂದಳು, ಹೆಸರು ಮಾತ್ರ ಹೇಳಲಿಲ್ಲ.

ಕತ್ತೆ ಬಂದದ್ದು ಮಧ್ಯಾಹ್ನಕ್ಕೆ. ಸೈಕಲ್ಲು ಅವನನ್ನು ಹೊತ್ತಿರಲಿಲ್ಲ, ಅವನೇ ಸೈಕಲ್ಲನ್ನು ಹೊತ್ತಿದ್ದ. ಗ್ರಾಂ ಗ್ರಾಂ ಲೆಕ್ಕ ಹಾಕಿ ಕಡಿಮೆ ಮಾಡಿದ ಅದರ ಭಾರವನ್ನು ಉಣ್ಣೆ ರಸ್ತೆಯ ಅಂಟು ಮಣ್ಣು ಬಡ್ಡಿ ಸಮೇತ ಹಿಂದಕ್ಕೆ ಕೊಟ್ಟಿತ್ತು. ಚಕ್ರಗಳಲ್ಲಿ ಮಣ್ಣು ಗಾರೆಯ ಹಾಗೆ ಮೆತ್ತಿಕೊಂಡಿತ್ತು. ಅವನು ಬಲವಂತವಾಗಿ ತುಳಿದಾಗ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಹಿಂದಿನ ತೋಳು ಬುಡಸಮೇತ ಮುರಿದು, ಈಗ ಚೈನಿನಿಂದ ಸತ್ತ ಕೋಳಿಯ ಹಾಗೆ ಜೋತಾಡುತ್ತಿತ್ತು. ಚೈನನ್ನು ಮೋಟು ಮಾಡಿ ಒಂದೇ ಗೇರಿಗೆ ಕೂಡಿಸಿದರೆ ಸೈಕಲ್ಲು ಓಡುತ್ತದೆ. ಮೋಟು ಮಾಡಲು ಪಿನ್ನು ತೆಗೆಯಬೇಕು. ಪಿನ್ನು ತೆಗೆಯುವ ಚೂರು ಜಾಡಿಯಲ್ಲಿತ್ತು.

ಜಾಡಿ ವೆರ್ನಾಳ ಕೈಯಲ್ಲಿತ್ತು. ಅವಳು ಗೇಟಿನ ಬಳಿ ಒಂದು ಕೈಯಲ್ಲಿ ಚಹಾ, ಒಂದು ಕೈಯಲ್ಲಿ ಜಾಡಿ ಹಿಡಿದು ನಿಂತಿದ್ದಳು. ಇಲ್ಮಾ ತನ್ನ ಜಗುಲಿಯಿಂದ ಎಲ್ಲವನ್ನೂ ನೋಡಿದಳು.

"ತಗೋ ಡೆನ್. ಇದರೊಳಗೇ ಇದೆ."

"ತೋರಿಸ್ಬೇಡ."

"ಚಹಾನಾದ್ರೂ ಕುಡಿ."

"ಎಲ್ಲರಿಗೂ ಕೊಟ್ಯಾ?"

"ಎಲ್ಲರನ್ನೂ ನಾನು ಮದುವೆಯಾಗಿಲ್ಲ!"

"ಹಾಗಾದ್ರೆ ಬೇಡ."

ವೆರ್ನಾ ಚಹಾವನ್ನು ಗುಲಾಬಿ ಗಿಡದ ಬುಡಕ್ಕೆ ಸುರಿದು ಒಳಗೆ ಹೋದಳು. ಅವನು ತನ್ನ ಮನೆಯನ್ನು ದಾಟಿ, ಓಣಿ ದಾಟಿ, ಇಲ್ಮಾಳ ಜಗುಲಿಯ ಬೆಂಚಿನ ಮೇಲೆ ಕುಸಿದ. ತುಟಿ ನೀಲಿಗಟ್ಟಿತ್ತು.

"ನಾಳೆ ಎಷ್ಟು ಹೊತ್ತಿಗೆ ಬಾಗಿಲು ತೆರೀತೀರಿ, ನಿಚ್ಕೆಯಮ್ಮ?"

"ಎಂಟಕ್ಕೆ. ಅಲ್ಲೀತನಕ ಕೂತ್ರೆ ಮಂಗಳವಾರ ಮಧ್ಯಾಹ್ನಕ್ಕೆ ಮುಟ್ಟೋದುಂಟಾ?"

ಅವನು ಬೆಟ್ಟದ ಕಡೆ ನೋಡಿದ. "ಇಲ್ಲ," ಅಂದ. "ಈಗ ಹೊರಟ್ರೆ ಉಂಟು."

ಅಷ್ಟು ಹೇಳಿ ಬೆಂಚಿನ ಮೇಲೇ ಮುದುರಿಕೊಂಡ. ತೆರೆಯಿರಿ ಎಂದು ಕೇಳಲಿಲ್ಲ. ಅಲ್ಲಿ ಅವನು ಒಣಗಲು ಹಾಕಿದ ಹರಕು ಜೂಲಿನ ಹಾಗೆ ಬಿದ್ದಿರುವುದನ್ನು ನೋಡಿ ಇಲ್ಮಾಗೆ ಕನಿಕರ ಬರಲಿಲ್ಲ. ಕಸ ಗುಡಿಸದೆ ಬಿಟ್ಟ ಜಗುಲಿ ಕಂಡರೆ ಆಗುವಂಥ ಹೇಸಿಗೆ ಆಯಿತು. ಅಷ್ಟರಲ್ಲಿ ವೆರ್ನಾ ಹಿಂಬಾಗಿಲಿನಿಂದ ಬಂದಳು. ಅತ್ತಿದ್ದಳು, ಅದನ್ನು ಮರೆಸಲು ಬಯ್ಯುತ್ತಿದ್ದಳು.

"ಅವನನ್ನ ಕಳಿಸಿಬಿಡಿ, ನಿಚ್ಕೆಯಮ್ಮ. ನಿಮ್ಮ ಹತ್ರ ಸುತ್ತಿಗೆ ಇದೆ, ತೂತು ಹೊಡೆಯೋ ಉಳಿ ಇದೆ. ಒಂದು ಸಲ ಮುಗಿಸಿ ಬರಲಿ. ಇಲ್ಲಾಂದ್ರೆ ಸಾಯೋತನಕ ಇದನ್ನೇ ಕೇಳ್ಬೇಕು ನಾನು. ಮಾರ್ತೀನಿ ಅಂದದ್ದೆಲ್ಲ ಬರೀ ಬಾಯಿಮಾತು, ನಂಗೊತ್ತಿಲ್ವಾ?"

ಇಲ್ಮಾ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಹೋಗಿ ಶೆಡ್ಡಿನ ಬಾಗಿಲು ತೆರೆದಳು. ಆ ಮನೆಗೆ ಬಂದಂದಿನಿಂದ ಭಾನುವಾರ ಅವಳು ಅದನ್ನು ತೆರೆದದ್ದು ಅದೇ ಮೊದಲು.

"ತೆರೆದ್ರಾ?" ಡೆನ್ಜಿಲ್ ಎದ್ದು ಕೂತ.

"ಕಣ್ಣಿಲ್ವಾ? ತಾ ಇಲ್ಲಿ ಆ ನಿನ್ನ ಹೆಣಾನ."

ಸೈಕಲ್ಲನ್ನು ಮೇಜಿನ ಮೇಲೆ ಮಲಗಿಸಿಕೊಂಡು, ಕ್ಯಾನ್ವಾಸಿಗೆ ತೂತು ಹೊಡೆಯುವ ಸಣ್ಣ ಉಳಿಯನ್ನು ಆರಿಸಿ, ಚೈನಿನ ಕೆಳಗೆ ಒಂದು ದಪ್ಪ ನಟ್ಟು ಇಟ್ಟು, ಅವನು ತೋರಿಸಿದ ಪಿನ್ನನ್ನು ತಟ್ಟಿದಳು. ಪಿನ್ನು ಪೂರ್ತಿ ಬೀಳದಂತೆ ತುದಿಯಲ್ಲಿ ನಿಲ್ಲಿಸಿದಳು. ಹೆಚ್ಚಿನ ಕೊಂಡಿಗಳನ್ನು ಬಿಡಿಸಿ, ಮೋಟಾದ ಚೈನಿನ ಎರಡು ತುದಿ ಕೂಡಿಸಿ, ಅದೇ ಪಿನ್ನನ್ನು ಹಿಂದಕ್ಕೆ ಹೊಡೆದು ಕೂರಿಸಿದಳು. ಅವನು ಸೈಕಲ್ಲನ್ನು ಕೆಳಗಿಳಿಸಿ, ಚಕ್ರದ ಮಣ್ಣು ಕೆರೆದು ಪೆಡಲ್ ತಿರುಗಿಸಿದ. ಚಕ್ರ ಸುತ್ತಿತು. ಅವನ ಕೆಸರು ಮುಖದಲ್ಲಿ ಹಲ್ಲು ಕಾಣಿಸಿತು.

"ಮುಟ್ತೀನಿ, ನಿಚ್ಕೆಯಮ್ಮ! ಒಂದೇ ಗೇರಲ್ಲೇ ಮುಟ್ತೀನಿ. ಎಷ್ಟು ಕೊಡ್ಲಿ?"

"ಭಾನುವಾರ ನಾನು ದುಡ್ಡು ಮುಟ್ಟಲ್ಲ."

"ಅಂಗಡಿ ಕೆಲಸ ಅಲ್ವಾ, ತಗೊಳ್ಳಿ."

"ಅಂಗಡಿ ತೆರೆದಿಲ್ಲ ಕಣಯ್ಯಾ. ಬಾಗಿಲು ತೆರೆದೆ. ಹೋಗು ಇನ್ನು."

ಅವನು ಹೋಗಲಿಲ್ಲ. ಹ್ಯಾಂಡಲ್ ಹಿಡಿದುಕೊಂಡು ನಿಂತ. ಅವನ ತಲೆಯೊಳಗೆ ಏನೋ ಮೆಲ್ಲಗೆ, ಮಣ್ಣು ಮೆತ್ತಿದ ಚಕ್ರದ ಹಾಗೆ ತಿರುಗುವುದು ಅವಳಿಗೆ ಕಂಡಿತು.

"ಬೇರೆ ಯಾರಾದ್ರೂ ಬಂದಿದ್ರೆ? ಅವರಿಗೂ ತೆರೀತಿದ್ರಿ ತಾನೇ?"

ಬಾಗಿಲಲ್ಲಿ ನಿಂತಿದ್ದ ವೆರ್ನಾ ಅವನ ಬೆನ್ನ ಹಿಂದಿನಿಂದ ಇಲ್ಮಾಗೆ ಕಣ್ಣಲ್ಲೇ ಹೇಳಿದಳು: ಹೂಂ ಅನ್ನಿ. ಒಂದು ಅಕ್ಷರ. ಒಂದು ಹೂಂ ಅಂದರೆ ಆ ದಪ್ಪ ಮನುಷ್ಯ ಕುಣಿಯುತ್ತ ಹೋಗಿ, ಹೆಸರು ಹಾಕಿಸಿಕೊಂಡು, ಊರನ್ನು ಆ ಕಾಟದಿಂದ ಬಿಡಿಸುತ್ತಿದ್ದ.

"ಬೆಳಿಗ್ಗೆ ಒಬ್ಬಳು ಬಂದಿದ್ಲು," ಅಂದಳು ಇಲ್ಮಾ. "ಪಟ್ಟಿ ಕಿತ್ತಿತ್ತು. ನಾಳೆ ಬಾ ಅಂದೆ. ತಂತಿ ಕಟ್ಕೊಂಡು ಹೋದ್ಲು."

"ಅಯ್ಯೋ ನಿಮ್ಮ," ಅಂದಳು ವೆರ್ನಾ.

ಡೆನ್ಜಿಲ್ ಸೈಕಲ್ಲನ್ನು ನೋಡಿದ. ಬೆಟ್ಟದ ಮೇಲಿನ ಮೋಡ ಹರಿದು ದಾರಿ ಒಣಗತೊಡಗಿತ್ತು. ಪಿನ್ನು ಕೂತ ಜಾಗವನ್ನು ಹೆಬ್ಬೆರಳಿನಿಂದ ಸವರಿದ, ಹಗುರ ನೂಲನ್ನು ಸವರುವ ಹಾಗೆ. ಆಮೇಲೆ ಸೈಕಲ್ಲನ್ನು ಎತ್ತಿ ತಂದು, ಅವಳ ಮೇಜಿನ ಮೇಲೆ, ಉಳಿಯ ಪಕ್ಕಕ್ಕೆ, ಮೊದಲಿದ್ದ ಹಾಗೆಯೇ ಮಲಗಿಸಿದ.

"ನಿನಗೆ ತಲೆ ಕೆಟ್ಟಿದೆಯಾ ಡೆನ್?" ಕೂಗಿದಳು ವೆರ್ನಾ. "ರಸ್ತೆ ಕೆರೆಯುವಾಗ ಎಲ್ಲಿ ಹೋಗಿತ್ತು ಈ ನಿಯಮ?"

ಅವನು ಅವಳ ಕಡೆ ತಿರುಗಲಿಲ್ಲ. ಕಿವಿಯವರೆಗೂ ಕೆಂಪಾಗಿದ್ದ. ಇಲ್ಮಾ ಉಳಿಯನ್ನು ಇನ್ನೂ ಡಬ್ಬಿಗೆ ಹಾಕಿರಲಿಲ್ಲ. ಅವನು ಅದನ್ನೇ ನೋಡುತ್ತ, ಬಟ್ಟೆಯ ಅಳತೆ ಹೇಳುವಂಥ ದನಿಯಲ್ಲಿ ಕೇಳಿದ:

"ಆ ಪಿನ್ನನ್ನ ಮತ್ತೆ ಹೊಡೆದು ತೆಗೆದುಬಿಡ್ತೀರಾ, ನಿಚ್ಕೆಯಮ್ಮ?"